ಹೊಸ್ತಿಲಿನ ಈಚೆಯ ಎಲೆ

ಜೋಗೇಶ್ವರಿ ಪೂರ್ವ, ಮುಂಬಯಿ
೧೦ ಮಾರ್ಚ್ ೨೦೨೪

ಪ್ರೀತಿಯ ಲಾವಣ್ಯಾ,

ಹೇಗಿದ್ದೀ ಮಗಾ? ಅನಿಲಕುಮಾರರ ಬೆನ್ನುನೋವು ಕಡಿಮೆಯಾಯಿತಾ? ಅವರ ತಾಯಿ ಹಾಲವ್ವನವರ ಶುಗರು ಹಿಡಿತಕ್ಕೆ ಬಂತಾ? ಅಕ್ಷಯನಿಗೆ ಈಗ ಬಾರಾವಿ, ಹನ್ನೆರಡನೇ ಕ್ಲಾಸಿನ ಪರೀಕ್ಷೆಯ ಸಮಯ, ನಿದ್ದೆಗೆಟ್ಟು ಓದಿ ಮೈ ಕೆಡಿಸಿಕೊಳ್ಳದಿರಲಿ. ಇದೆಲ್ಲ ಇವಳಿಗೆ ಹೇಗೆ ಗೊತ್ತು ಎನ್ನುತ್ತೀಯೇನೋ. ನಿನ್ನ ಶಾಲೆಯ ಗೆಳತಿ ನಾಗರತ್ನಾ ದಾದರಿನ ಹೂವಿನ ಮಾರ್ಕೆಟ್ಟಿನಲ್ಲಿ ಸಿಗುತ್ತಿರುತ್ತಾಳೆ, ಅವಳ ಕೈ ಹಿಡಿದು ನಿಲ್ಲಿಸಿ ಕೇಳುತ್ತೇನೆ. ಹಾಲವ್ವನವರನ್ನಾಗಲಿ ಅಕ್ಷಯನನ್ನಾಗಲಿ ನಾನು ಕಣ್ಣಾರೆ ಕಂಡವಳಲ್ಲ. ಹೆಸರು ಹಿಡಿದು ಕೇಳಿದರೆ ಕಂಡ ಹಾಗೆ ಆಗುತ್ತದೆ.

ನಗಬೇಡ. ಜೋಗೇಶ್ವರಿಗೂ ನಿಮ್ಮ ಪಾರ್ಲೆಗೂ ನಡುವೆ ಇರುವುದು ಅಂಧೇರಿ ಒಂದೇ. ಲೋಕಲಿನಲ್ಲಿ ಸೀಟು ಸಿಗುವ ಮೊದಲೇ ಇಳಿಯಬೇಕು. ಅಷ್ಟು ಹತ್ತಿರಕ್ಕೆ ಅಂಚೆಚೀಟಿ ಹಚ್ಚಿ ಕಾಗದ ಹಾಕುವ ಮುದುಕಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ತಿಲಕ ಫೋನು ಮಾಡಿದರೆ ಅವನ ದನಿ ಕೇಳಿದೊಡನೆ ನೀನು ಇಟ್ಟುಬಿಡುತ್ತೀಯಂತೆ. ತಮ್ಮನ ಮೇಲೆ ನಿನಗೆ ಕೋಪವಿಲ್ಲ, ಅವನ ಬೆನ್ನ ಹಿಂದೆ ಯಾರು ನಿಂತಿದ್ದಾರೋ ಎಂಬ ಅಂಜಿಕೆ. ಅದು ನನಗೆ ತಿಳಿಯುತ್ತದೆ. ವಾಟ್ಸಾಪಿನಲ್ಲಿ ಬರೆಯಿರಿ ಎಂದ. ಆ ಗಾಜಿನ ಮೇಲೆ ನನ್ನ ಬೆರಳಿಗೆ ಒತ್ತಕ್ಷರ ಸಿಗುವುದಿಲ್ಲ. ಕಾಗದವಾದರೆ, ಹರಿದು ಹಾಕುವ ಮೊದಲು ನಾಲ್ಕು ಸಾಲಾದರೂ ಕಣ್ಣಿಗೆ ಬೀಳುತ್ತದೆ.

ನಮ್ಮದು ಆಡುವುದು ತುಳು, ಬರೆಯುವುದು ಕನ್ನಡ. ಆ ಬರೆಯುವ ಕನ್ನಡ ನನಗೆ ಕಲಿಸಿದವಳು ನೀನು. ಮುನಿಸಿಪಾಲಿಟಿ ಶಾಲೆಯಿಂದ ಬಂದು ಸ್ಲೇಟಿನಲ್ಲಿ ತಿದ್ದುವಾಗ ನಾನು ಅಕ್ಕಿ ಆರಿಸುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದೆ. ತಾಯಿಯಿಲ್ಲದ ಮಗುವಿಗೆ ಜೊತೆಯಾಗಲಿ ಎಂದು ಕೂತವಳು ಅಕ್ಷರ ಕಲಿತು ಎದ್ದೆ. "ಅತ್ತೆ, ನಿಮ್ಮ 'ಕ್ಷ' ಸೊಂಟ ಉಳುಕಿದ ಹಾಗೆ ಉಂಟು" ಎಂದು ನೀನು ನಗುತ್ತಿದ್ದೆ. ಈಗಲೂ ಹಾಗೆಯೇ ಉಂಟು, ನೋಡಿಕೋ.

ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಕಳೆದ ತಿಂಗಳು ನಿನ್ನ ಅಪ್ಪನಿಗೆ, ನನ್ನ ತಮ್ಮನಿಗೆ, ಲಕ್ವಾ ಹೊಡೆಯಿತು. ಕ್ಯಾಂಟೀನಿನಲ್ಲಿ ಚಾ ಸೋಸುತ್ತಿದ್ದವನು ಪಾತ್ರೆಯ ಸಮೇತ ಬಿದ್ದ. ಆಸ್ಪತ್ರೆಯಿಂದ ಮನೆಗೆ ತಂದಿದ್ದೇವೆ. ಬಲಗೈ, ಬಲಗಾಲು ಆಡುವುದಿಲ್ಲ. ಮಾತು ಪೂರ್ತಿ ಹೋಗಿದೆ. ಕ್ಯಾಂಟೀನಿನಲ್ಲಿ ನಿಂತು "ದೋ ಕಟಿಂಗ್" ಎಂದು ಚಾ ಕೂಗಿದರೆ ಇಂಡಸ್ಟ್ರಿಯಲ್ ಎಸ್ಟೇಟಿನ ಕೊನೆಯ ವರ್ಕ್‌ಶಾಪಿನವರೆಗೆ ಕೇಳುತ್ತಿದ್ದ ಗಂಟಲು ಅದು. ಈಗ ನೀರು ಬೇಕಾದರೂ ಮಂಚದ ಪಟ್ಟಿಗೆ ಉಗುರಿನಿಂದ ತಟ್ಟುತ್ತಾನೆ. ಗಂಜಿಯ ತಿಳಿ ಬಿಟ್ಟರೆ ಏನೂ ಇಳಿಯುವುದಿಲ್ಲ. ಡಾಕ್ಟರು ತಿಲಕನ ಹೆಗಲ ಮೇಲೆ ಕೈ ಇಟ್ಟರು.

ನೀನು ಅನಿಲಕುಮಾರರನ್ನು ಮದುವೆಯಾದ ದಿನ ಅವನು ಚಾಳಿನ ಗ್ಯಾಲರಿಯಲ್ಲಿ ನಿಂತು ಕೂಗಿದ್ದು ನನಗೂ ಕೇಳಿದೆ. ಜಾತಿ ಬೇರೆ, ಸೀಮೆ ಬೇರೆ, ಸೆಂಟ್ರಿಂಗ್ ಕೆಲಸದ ಹುಡುಗ ಎಂದು ಏನೇನೋ ಅಂದು, ಕೊನೆಗೆ "ಇವತ್ತಿಗೆ ನನ್ನ ಮಗಳು ಸತ್ತಳು" ಎಂದ. ಅದನ್ನು ಕೇಳದವರು ನಮ್ಮ ಚಾಳಿನಲ್ಲಿ ಯಾರೂ ಉಳಿದಿರಲಿಲ್ಲ. ಹೇಳಿದ ಬಾಯಿ ಈಗ ಒಂದು ಬದಿಗೆ ಸೊಟ್ಟಗಾಗಿ ಮುಚ್ಚಿಕೊಂಡಿದೆ. ಒಂದು ಸಲ ಬಂದು ಹೋಗು ಮಗಾ. ಉಳಿಯುವುದು ಬೇಡ, ಕೂರುವುದೂ ಬೇಡ. ಬಾಗಿಲಲ್ಲಿ ನಿಂತು ಮುಖ ತೋರಿಸಿ ಹೋಗು.

ನನ್ನ ಮೊಣಕಾಲು ನಮ್ಮ ಮೆಟ್ಟಿಲು ಇಳಿಯಲು ಬಿಡುತ್ತಿಲ್ಲ, ಅವನನ್ನು ಒಬ್ಬನೇ ಬಿಡುವ ಹಾಗೂ ಇಲ್ಲ. ಇಲ್ಲದಿದ್ದರೆ ನಾನೇ ಬರುತ್ತಿದ್ದೆ. ಉತ್ತರ ಹಾಕು.

ನಿನ್ನ ಅತ್ತೆ,
ಶೀಲಾವತಿ


ಜೋಗೇಶ್ವರಿ
೯ ಏಪ್ರಿಲ್ ೨೦೨೪

ಪ್ರೀತಿಯ ಲಾವಣ್ಯಾ,

ಎಲ್ಲರೂ ಸೌಖ್ಯ ತಾನೇ? ಅಕ್ಷಯನ ಪರೀಕ್ಷೆ ಮುಗಿದಿರಬೇಕು.

ಇವತ್ತು ಗುಡಿ ಪಾಡ್ವಾ. ಎದುರಿನ ಖೋಲಿಯವರು ಕಿಟಕಿಗೆ ಕೋಲು ಕಟ್ಟಿ ರೇಷ್ಮೆ ಬಟ್ಟೆ, ಗಿಂಡಿ ಏರಿಸಿದ್ದಾರೆ. ನಮಗೆ ಶ್ರೀಖಂಡ ಕೊಟ್ಟುಹೋದರು. ನಿನ್ನ ಅಪ್ಪನ ತುಟಿಗೆ ಸವರಿದೆ, ಉಗಿದ. ಸಿಟ್ಟಿಗೆ ಏನೂ ಲಕ್ವಾ ಹೊಡೆದಿಲ್ಲ.

ನಿನ್ನ ಉತ್ತರ ಬರಲಿಲ್ಲ. ಪೋಸ್ಟ್‌ಮನ್ ಗಲ್ಲಿಗೆ ಬಂದ ದಿನ ನಾನು ಮೇಲಿನಿಂದಲೇ ಕೇಳುತ್ತೇನೆ. ಅವನು "ಆಜೀ, ಬ್ಯಾಂಕಿನದ್ದು ಬಂದಿದೆ, ನಡೆಯುತ್ತದಾ?" ಎಂದು ತಮಾಷೆ ಮಾಡುತ್ತಾನೆ.

ಒಂದು ಸಂಗತಿ ಬರೆಯಬೇಕು, ನಿನಗೆ ಏನಾದರೂ ಹೊಳೆಯುತ್ತದೋ ನೋಡು. ಕೆಲವು ದಿನಗಳಿಂದ ಇವನಿಗೆ ಹೊಸ ಹಟ. ನ್ಯೂಸ್‌ಪೇಪರು ಬೇಕು ಎಂದು ಬೆರಳು ತೋರಿಸುತ್ತಾನೆ. ಓದಲಿಕ್ಕೆ ಎಂದುಕೊಂಡು ಕನ್ನಡಕ ಹಾಕಿಸಿದರೆ ಕಿತ್ತು ಎಸೆದ. ಆಮೇಲೆ ತಿಳಿಯಿತು, ಬೇಕಾದ್ದು ಪೇಪರೂ ನೂಲೂ. ಕ್ಯಾಂಟೀನಿನಲ್ಲಿ ಪಾರ್ಸೆಲ್ ಕಟ್ಟುವ ಆ ಬಿಳಿ ನೂಲು. ತಿಲಕ ಒಂದು ಉಂಡೆ ತಂದುಕೊಟ್ಟ. ಅವತ್ತಿನಿಂದ ಪಾವ್ ಬ್ರೆಡ್ಡಿನ ತುಂಡೋ ಸೋಪೋ, ಕೈಗೆ ಸಿಕ್ಕಿದ್ದನ್ನು ಪೇಪರಿನಲ್ಲಿ ಸುತ್ತಿ, ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಕಟ್ಟಲು ನೋಡುತ್ತಾನೆ. ಆಗುವುದಿಲ್ಲ. ಪೇಪರು ಬಿಚ್ಚಿಕೊಳ್ಳುತ್ತದೆ. ಮತ್ತೆ ಸುತ್ತುತ್ತಾನೆ. ಆಗದೆ ಹೋದಾಗ ಅಳುತ್ತಾನೆ. ಬಾಯಿಂದ ಸದ್ದು ಬಾರದ ಅಳು, ನೋಡಲಿಕ್ಕಾಗುವುದಿಲ್ಲ.

"ಅಪ್ಪಾ, ಈಗ ನೂಲು ಯಾರು ಕಟ್ತಾರೆ? ಎಲ್ಲ ಪ್ಲಾಸ್ಟಿಕ್ ಡಬ್ಬಿ" ಎಂದು ತಿಲಕ ಸಮಾಧಾನ ಹೇಳಲು ಹೋದ. ಅಪ್ಪ ಅವನನ್ನು ನೋಡಿದ ನೋಟಕ್ಕೆ ಹುಡುಗ ಚಪ್ಪಲಿ ಮೆಟ್ಟಿ ಹೊರಟೇಹೋದ.

ನಿನಗೆ ನೆನಪುಂಟಾ ಆ ಗಂಟು? ನಿನ್ನನ್ನು ಕ್ಯಾಂಟೀನಿನ ಮೇಜಿನ ಮೇಲೆ ಕೂರಿಸಿ ಕಲಿಸಿದ್ದ. ಎರಡು ಸುತ್ತು, ಒಂದು ಅಡ್ಡ, ಮೇಲೆ ಬೆರಳು ತೂರುವಷ್ಟು ಕುಣಿಕೆ. ಗಿರಾಕಿ ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಬೇಕು, ಕತ್ತರಿ ಹುಡುಕುವ ಹಾಗೆ ಆಗಬಾರದು. ತಿಲಕನಿಗೆ ಅದು ಕೊನೆಗೂ ಬರಲಿಲ್ಲ. ನಿನಗೆ ಬಂದಿತ್ತು.

ಉತ್ತರ ಬರೆಯಲು ಮನಸ್ಸಿಲ್ಲದಿದ್ದರೆ ಖಾಲಿ ಕಾರ್ಡಾದರೂ ಹಾಕು. ಅದರ ಮೇಲೆ ನಿನ್ನ ಕೈಯಲ್ಲಿ ನನ್ನ ಹೆಸರು ಇದ್ದರೆ ಸಾಕು.

ನಿನ್ನ ಅತ್ತೆ,
ಶೀಲಾವತಿ


ವಿಲೆ ಪಾರ್ಲೆ
೨೮ ಏಪ್ರಿಲ್ ೨೦೨೪

ಅತ್ತೆ,

ನಿಮ್ಮ ಎರಡೂ ಕಾಗದ ಸಿಕ್ಕಿವೆ. ಹರಿಯಲಿಲ್ಲ. ಕನ್ನಡ ಬರೆದು ಎಷ್ಟೋ ವರ್ಷ ಆಯಿತು, ತಪ್ಪಿದ್ದರೆ ನೀವೇ ತಿದ್ದಿ ಓದಿಕೊಳ್ಳಿ.

ನಾನು ಬರುವುದಿಲ್ಲ.

ಅಪ್ಪ ಗ್ಯಾಲರಿಯಲ್ಲಿ ಕೂಗಿದ್ದಕ್ಕೆ ಅಲ್ಲ. ಸಿಟ್ಟಿನಲ್ಲಿ ಜನ ಏನೇನೋ ಹೇಳುತ್ತಾರೆ. ಇವರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಸಂಜೆಗೆ ಚಾ ಕುಡಿಯುವಾಗ ಮರೆಯುತ್ತೇವೆ. ಆ ಮಾತನ್ನು ನಾನು ಯಾವತ್ತೋ ಬಿಟ್ಟುಬಿಡುತ್ತಿದ್ದೆ. ಅವರು ಮಾಡಿದ್ದನ್ನು ಬಿಡಲಿಕ್ಕೆ ಆಗುವುದಿಲ್ಲ.

ಮದುವೆಯಾದ ಮೊದಲನೇ ಮಳೆಗಾಲ, ಆಟಿ ತಿಂಗಳಲ್ಲಿ ನಾನು ಏಳು ತಿಂಗಳ ಬಸುರಿ. ಆಗ ಇಲ್ಲಿ ಚಾಳು ಇತ್ತು. ಮಧ್ಯಾಹ್ನ ನೀರು ತುಂಬಿಸಿ ಬರುವಾಗ ನಮ್ಮ ಬಾಗಿಲ ಚಿಲಕಕ್ಕೆ ಒಂದು ಪಾರ್ಸೆಲ್ ನೇತಾಡುತ್ತಿತ್ತು. ಆ ಕುಣಿಕೆ ನೋಡಿದ ಕೂಡಲೇ ಯಾರದ್ದು ಅಂತ ಗೊತ್ತಾಯಿತು. ಅತ್ತೆ, ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಪೇಪರಿನ ಒಂದು ಮೂಲೆ ಬಿಡಿಸಿ ನೋಡಿದೆ. ಬಾಳೆ ಎಲೆ, ರೊಟ್ಟಿ, ಕೋಳಿ ಸಾರು. ಆಮೇಲೆ ಕ್ಯಾಲೆಂಡರು ನೋಡಿದೆ. ಆಟಿ ಅಮಾವಾಸ್ಯೆ.

ಆ ದಿನ ನಮ್ಮ ಮನೆಯಲ್ಲಿ ಎಲೆ ಹಾಕಿ ಬಡಿಸುವುದು ಯಾರಿಗೆ? ಸತ್ತವರಿಗೆ. ಅಗೆಲು. ಅಜ್ಜ, ಅಜ್ಜಿ, ಅಮ್ಮ, ಎಲ್ಲರನ್ನೂ ಹೆಸರು ಹಿಡಿದು ಕರೆದು ಬಡಿಸುವುದು ನಾನು ಚಿಕ್ಕಂದಿನಿಂದ ನೋಡಿದವಳು. ಸತ್ತಳು ಅಂತ ಹೇಳಿದ್ದು ಸಾಲದು ಅಂತ ನನಗೂ ಎಲೆ ಹಾಕಿ, ಆ ಅನ್ನವನ್ನು ಕಟ್ಟಿ ನನ್ನ ಬಾಗಿಲಿಗೇ ತೂಗುಹಾಕಿ ಹೋಗಿದ್ದರು. ಹೊಟ್ಟೆಯಲ್ಲಿ ಮಗು ಇರುವಾಗ.

ಹಾಲವ್ವ ಬಂದು, "ಏನವ್ವಾ ಅದು, ಯಾರ್ ಕಳಿಸ್ಯಾರ? ಯಾಕ ಹಿಂಗ ಬೆವರಾಕತ್ತಿ?" ಅಂದರು. ಯಾರದ್ದೋ ತಪ್ಪಿ ಬಂದಿದೆ ಅಂದೆ. ಗಲ್ಲಿಯ ನಾಯಿಗೆ ಹಾಕಿ ಸ್ನಾನ ಮಾಡಿದೆ.

ಅದು ಒಂದು ಸಲ ಅಲ್ಲ. ಪ್ರತಿ ವರ್ಷ. ಬಿಲ್ಡಿಂಗ್ ಆದಮೇಲೆ ವಾಚ್‌ಮನ್ ಕೈಯಲ್ಲಿ ಮೇಲೆ ಕಳಿಸುತ್ತಾರೆ. ಪ್ರತಿ ವರ್ಷ ಕೆಳಗೆ ಇಳಿದು ಗೇಟಿನ ಹೊರಗೆ ನಾಯಿಗೆ ಹಾಕುತ್ತೇನೆ. ಬಾಯಿಂದ ಒಂದು ಸಲ ಕೊಂದವರನ್ನು ಕ್ಷಮಿಸಬಹುದು. ಕೈಯಿಂದ ವರ್ಷ ವರ್ಷ ಕೊಂದವರನ್ನು ನೋಡಲಿಕ್ಕೆ ನನ್ನನ್ನು ಕರೆಯಬೇಡಿ.

ನಿಮ್ಮ ಮೊಣಕಾಲಿಗೆ ಔಷಧಿ ತೆಗೆದುಕೊಳ್ಳಿ.

ಲಾವಣ್ಯಾ


ಜೋಗೇಶ್ವರಿ
೫ ಮೇ ೨೦೨೪

ನನ್ನ ಮಗಳೇ,

ನಿನ್ನ ಕಾಗದ ಬಂದಾಗ ಅಕ್ಷರ ನೋಡಿಯೇ ಅತ್ತುಬಿಟ್ಟೆ. ಓದಿದ ಮೇಲೆ ಅಳು ನಿಂತುಹೋಯಿತು.

ಲಾವಣ್ಯಾ, ಆ ಕಟ್ಟು ಎಲ್ಲಿಗೆ ಹೋಗುತ್ತಿತ್ತು ಎಂದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಎಲ್ಲಿಂದ ಹೊರಡುತ್ತಿತ್ತು ಎಂದು ನಿನಗೆ ಗೊತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಪೂರ್ತಿ ಓದು.

ನೀನು ಹೋದಮೇಲಿನ ಮೊದಲ ಆಟಿ. ಎಂದಿನಂತೆ ಒಳಗೆ, ಅಡುಗೆಯ ಬದಿಯಲ್ಲಿ, ಸತ್ತವರ ಎಲೆ ಹಾಕಿತ್ತು. ಹೊಸ್ತಿಲಿಗೆ ಪರದೆ. ಪರದೆಯ ಈಚೆ ನಮ್ಮ ಎಲೆಗಳು. ನಿನ್ನ ಅಪ್ಪ ಒಬ್ಬೊಬ್ಬರ ಹೆಸರು ಹೇಳಿ "ಬನ್ನಿ, ಉಣ್ಣಿ" ಎಂದು ಕರೆದು ಈಚೆ ಬಂದ. ನನ್ನ ಮೈದುನ ದೂಜ ಕೂತಿದ್ದ. ಅವನ ಬಾಯಿ ನಿನಗೆ ಗೊತ್ತುಂಟಲ್ಲ.

"ಎಂತ ಕೊರಗಣ್ಣ, ಒಳಗೆ ಒಂದು ಎಲೆ ಕಮ್ಮಿ ಉಂಟಲ್ಲ?" ಎಂದ.

"ಯಾರದ್ದು?"

"ಅದೇ, ಗ್ಯಾಲರಿಯಲ್ಲಿ ನಿಂತು ನೀನೇ ಸತ್ತಳು ಅಂದದ್ದಲ್ವಾ? ಸತ್ತವಳಿಗೆ ಬಡಿಸುದಿಲ್ವಾ? ಅಥವಾ ಅದೆಲ್ಲ ಸುಮ್ನೆ ಚಾಳಿನವರಿಗೆ ಕೇಳಿಸ್ಲಿಕ್ಕಾ?"

ನಿನ್ನ ಅಪ್ಪ ಎದ್ದ. ಒಂದು ಎಲೆ ತೆಗೆದ. ತೊಳೆದ, ತನ್ನ ಪಂಚೆಯ ಸೆರಗಿನಲ್ಲೇ ಒರೆಸಿದ. ಒಳಗೆ ಹೋಗುತ್ತಾನೆ ಎಂದು ನಾವೆಲ್ಲ ನೋಡುತ್ತಿದ್ದೆವು. ಹೋಗಲಿಲ್ಲ. ಹೊಸ್ತಿಲಿನ ಈಚೆ, ತನ್ನ ಎಲೆಯ ಪಕ್ಕದಲ್ಲಿ ಹಾಕಿದ. ಒಲೆಯ ಹತ್ತಿರ ಹೋಗಿ ಬೇರೆ ಪಾತ್ರೆಗೆ ನಾಲ್ಕು ತುಂಡು ತೆಗೆದು, ಕಾಯಿಹಾಲು ಸುರಿದು ಖಾರ ಇಳಿಸಿದ. ಅಂಗೈಗೆ ಒಂದು ತೊಟ್ಟು ಹಾಕಿ ನೆಕ್ಕಿ ನೋಡಿದ. ಮತ್ತೆ ಚೂರು ಕಾಯಿಹಾಲು ಹಾಕಿದ. ಮತ್ತೆ ನೋಡಿದ. ಅಗೆಲಿನ ಸಾರನ್ನು ಸತ್ತವರು ಉಣ್ಣುವ ಮೊದಲು ಯಾರೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ, ನಿನಗೆ ಗೊತ್ತು. ದೂಜನಿಗೂ ಗೊತ್ತು. ಅವನು ಬಾಯಿ ತೆರೆದ.

"ದೂಜ, ನಿನ್ನ ಎಲೆ ತಣ್ಣಗಾಗ್ತದೆ. ಉಣ್ಣು" ಎಂದ ನಿನ್ನ ಅಪ್ಪ. ಅಷ್ಟೇ.

ಊಟವಾದ ಮೇಲೆ ಆ ಎಲೆಯನ್ನು ಮಡಚಿ, ಪೇಪರು ಸುತ್ತಿ, ಜೇಬಿನಿಂದ ನೂಲು ತೆಗೆದು ಕಟ್ಟಿ ಬೆರಳಿಗೆ ಸಿಕ್ಕಿಸಿಕೊಂಡು ಹೊರಟ. ಯಾರಿಗೆ ಎಂದು ಕೇಳಿದ್ದಕ್ಕೆ "ಉಣ್ಣುವವರಿಗೆ" ಎಂದ. ಸ್ಟೇಷನ್ನಿನ ಹತ್ತಿರ ಯಾರಿಗಾದರೂ ಕೊಡುತ್ತಾನೆ ಎಂದುಕೊಂಡೆ. ಅಲ್ಲಿಂದ ಮುಂದೆ ಪ್ರತಿ ಆಟಿಗೂ ಈಚೆ ಒಂದು ಎಲೆ, ಬೇರೆ ಪಾತ್ರೆ, ಅಂಗೈಯ ರುಚಿ. ದೂಜ ಮತ್ತೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇನ್ನೊಂದು ಮಾತು. ನಮ್ಮ ಮನೆಯ ಅಗೆಲಿನ ಅನ್ನ ಬಾಗಿಲು ದಾಟುವುದಿಲ್ಲ. ಅದನ್ನು ಮನೆಯವರೇ ಕೂತು ಮುಗಿಸಬೇಕು. ಬೊಂಬಾಯಿಯಲ್ಲಿ ಹುಟ್ಟಿದವಳು, ನಿನಗೆ ಇದನ್ನು ಯಾರು ಹೇಳಬೇಕಿತ್ತು? ನಿನ್ನ ಬಾಗಿಲಿಗೆ ಬಂದದ್ದು ಸತ್ತವರದ್ದಲ್ಲ, ಮಗಾ. ಒಂದೇ ಒಂದು ವರ್ಷ ಬಾಯಿಗೆ ಇಟ್ಟಿದ್ದರೆ ನಿನ್ನ ನಾಲಿಗೆಗೇ ತಿಳಿಯುತ್ತಿತ್ತು. ಖಾರವಿಲ್ಲದ ಕೋಳಿ ಸಾರು ನಮ್ಮ ಮನೆಯಲ್ಲಿ ಯಾರಿಗೋಸ್ಕರ ಮಾಡುತ್ತಿದ್ದೆವು?

ಕಾಗದ ಓದಿ ಅವನ ಹತ್ತಿರ ಹೋಗಿ ಕೂತೆ. ನೂಲಿನ ಉಂಡೆ ಅವನ ಎದೆಯ ಮೇಲಿತ್ತು. "ಆ ಕಟ್ಟು ಪಾರ್ಲೆಗಾ?" ಎಂದು ಕೇಳಿದೆ. ಎಡಗೈ ಎತ್ತಿ ನನ್ನ ಬಾಯಿ ಮುಚ್ಚಿದ. ಬಹಳ ಹೊತ್ತು ತೆಗೆಯಲಿಲ್ಲ. ಆಟಿ ಬರುತ್ತದೆ, ಕಟ್ಟಲು ಬರಬೇಕು, ಅದಕ್ಕೇ ಈಗಿನಿಂದ ಕಲಿಯುತ್ತಿದ್ದಾನೆ.

ಅವನು ಎಲ್ಲ ಸರಿ ಮಾಡಿದ ಎಂದು ನಾನು ಹೇಳುವುದಿಲ್ಲ. ನಿನ್ನ ಬಾಣಂತನಕ್ಕೆ ಬರಲಿಲ್ಲ, ಮೊಮ್ಮಗನನ್ನು ಎತ್ತಲಿಲ್ಲ. ಚಿಲಕದವರೆಗೆ ಬಂದವನು ಬಾಗಿಲು ತಟ್ಟಲಿಲ್ಲ. ಅದೂ ಅವನೇ ಮಾಡಿದ್ದು. ಅದಕ್ಕೆ ನೆಪ ಹುಡುಕಲು ನನಗೆ ಬರುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡು, ಆಮೇಲೆ ನಿನಗೆ ಕಂಡ ಹಾಗೆ ಮಾಡು.

ನಿನ್ನ ಅತ್ತೆ,
ಶೀಲಾವತಿ


ವಿಲೆ ಪಾರ್ಲೆ
೨೬ ಮೇ ೨೦೨೪

ಅತ್ತೆ,

ಅಕ್ಷಯ ಪಾಸಾದ. ಇವರ ಬೆನ್ನುನೋವು ಹಾಗೇ ಇದೆ.

ನಿಮ್ಮ ಕಾಗದ ಓದಿದ ಮರುದಿನ ಕೆಳಗೆ ಹೋಗಿ ವಾಚ್‌ಮನ್ ಚನ್ನಬಸಯ್ಯನವರನ್ನು ಕೇಳಿದೆ. ಪ್ರತಿ ವರ್ಷ ಪಾರ್ಸೆಲ್ ಯಾರು ಕೊಡುವುದು, ಹೇಗಿದ್ದಾರೆ ಅಂತ. ಅವರು ಮೊದಲು ಹೇಳಲಿಲ್ಲ. "ಹೇಳಬ್ಯಾಡ ಅಂತ ಕೈ ಮುಗದಾರ್ರಿ ಆ ಹಿರೇರು" ಅಂದರು. ಅಪ್ಪನಿಗೆ ಲಕ್ವಾ ಹೊಡೆದಿದೆ ಅಂತ ಹೇಳಿದ ಮೇಲೆ ಸ್ಟೂಲಿನಿಂದ ಎದ್ದು ನಿಂತರು.

"ಅವ್ರು ಪಾರ್ಸಲ್ ಕೊಟ್ಟ ಕೂಡ್ಲೆ ಹೋಗೂದಿಲ್ರಿ ಅಕ್ಕಾರ. ಎದುರಿಗೆ ಆ ಪಾನ್ ಅಂಗಡಿ ಮರಿಗೆ ನಿಂದರ್ತಿದ್ರು. ನೀವು ಕೆಳಗ ಬಂದು ನಾಯಿಗೆ ಹಾಕಿ ಮ್ಯಾಲ ಹೋದಮ್ಯಾಲ ಹೋಗ್ತಿದ್ರು. ಒಮ್ಮೆ ನಾನೇ ಅಂದೆ, ಯಾಕ್ರಿ ಯಜಮಾನ್ರ, ನಾಯಿಗೆ ಹಾಕೂ ಊಟಕ್ಕ ಇಷ್ಟು ದೂರ ಯಾಕ ಬರ್ತೀರಿ ಅಂತ. ನನಗ ಚಾ ಕುಡಿಸಿ ಹೋದ್ರು."

ಅತ್ತೆ, ಅವರು ನೋಡುತ್ತಿದ್ದರು. ನಾನು ಮೂಗು ಮುಚ್ಚಿಕೊಂಡು ಎಲೆ ಕೊಡವುವುದನ್ನು ನೋಡುತ್ತಿದ್ದರು. ನೋಡಿಯೂ ಮುಂದಿನ ವರ್ಷ ಬಂದರು.

ಬರುವುದಿಲ್ಲ ಅಂತ ಮೊದಲು ಬರೆದದ್ದು ಸಿಟ್ಟಿನಿಂದ. ಈಗಲೂ ಬರುವುದಿಲ್ಲ ಅಂತಲೇ ಬರೆಯುತ್ತಿದ್ದೇನೆ. ಆ ಮನುಷ್ಯನ ಎದುರು ಯಾವ ಮುಖ ಹೊತ್ತು ನಿಲ್ಲಲಿ? ಮೂರು ಮಹಡಿ ಹತ್ತಿ ಬರಲಿಲ್ಲ ಯಾಕೆ ಅಂತ ಅವರನ್ನು ಬೈಯುತ್ತೇನೆ, ರಸ್ತೆ ದಾಟಿ ನೋಡಲಿಲ್ಲ ಯಾಕೆ ಅಂತ ನನ್ನನ್ನೇ ಬೈಯುತ್ತೇನೆ. ಅಡುಗೆ ಮಾಡುವಾಗ ಸಾರು ಹೊತ್ತಿಹೋಗುತ್ತದೆ.

ನನ್ನನ್ನು ಕರೆಯಬೇಡಿ. ಅವರಿಗೆ ಏನೂ ಹೇಳಲೂ ಬೇಡಿ.

ಲಾವಣ್ಯಾ


ಜೋಗೇಶ್ವರಿ
೧೭ ಜೂನ್ ೨೦೨೪

ಪ್ರೀತಿಯ ಲಾವಣ್ಯಾ,

ಅಕ್ಷಯ ಪಾಸಾದ ಸುದ್ದಿ ಕೇಳಿ ಚಾಳಿಗೆಲ್ಲ ಪೇಡೆ ಹಂಚಿದೆ. ಯಾರ ಮಗ ಎಂದು ಕೇಳಿದವರಿಗೆ "ನಮ್ಮ ಹುಡುಗ" ಎಂದೆ.

ನೀನು ಕರೆಯಬೇಡಿ ಎಂದೆ, ಕರೆಯುವುದಿಲ್ಲ. ಹಳೆಯದೊಂದು ನೆನಪು ಬರೆದು, ನಿನ್ನೆಯದೊಂದು ಸುದ್ದಿ ಬರೆದು ಮುಗಿಸುತ್ತೇನೆ.

ಆಟಿ ಅಮಾವಾಸ್ಯೆಯ ಬೆಳಿಗ್ಗೆಯೆಲ್ಲ ಇವನು ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದ. ಕಟ್ಟು ಹಿಡಿದು ಹೋಗಿ ಸಂಜೆ ಬಂದಮೇಲೆ ಮಾತ್ರ ಬೇರೆ ಮನುಷ್ಯ. ಚಾ ಕೇಳಿ ಕುಡಿಯುತ್ತಿದ್ದ, ತಿಲಕನನ್ನು ಕೆಣಕುತ್ತಿದ್ದ, ಬೆಳಗಿನ ರೊಟ್ಟಿ ಉಳಿದಿದ್ದರೆ ಹಾಕಿಸಿಕೊಂಡು ತಿನ್ನುತ್ತಿದ್ದ. ಒಂದು ವರ್ಷ ಹೀಗೆ ತಿನ್ನುತ್ತಾ, "ಕಿವಿಯ ಹತ್ತಿರ ಕೂದಲು ನರೆತಿದೆ" ಎಂದ. ಯಾರದ್ದು ಎಂದೆ. "ಯಾರದ್ದೋ" ಎಂದ. ನನ್ನದನ್ನೇ ಹೇಳುತ್ತಾನೆ ಎಂದು ಕನ್ನಡಿ ನೋಡಿಕೊಂಡ ಪೆದ್ದಿ ನಾನು.

ಈಗ ತಿಳಿಯುತ್ತದೆ. ನೀನು ಅದನ್ನು ಮೇಲೆಯೇ ಕೂತು ಉಂಡಿದ್ದರೆ ಅವನಿಗೆ ನೀನು ಕಾಣುತ್ತಿರಲಿಲ್ಲ. ನಾಯಿಗೆ ಹಾಕಲು ಕೆಳಗೆ ಇಳಿಯುತ್ತಿದ್ದೆ, ಅದಕ್ಕೇ ವರ್ಷಕ್ಕೊಮ್ಮೆಯಾದರೂ ಅವನ ಕಣ್ಣಿಗೆ ಬಿದ್ದೆ. ಅವನಿಗೆ ನೋವಾಗಲಿಲ್ಲ ಎಂದಲ್ಲ. ಆದರೂ ಉಂಡವನ ಹಾಗೆ ಮನೆಗೆ ಬರುತ್ತಿದ್ದ. ಈ ಒಂದು ವಿಷಯಕ್ಕೆ ನೀನು ನಿನ್ನನ್ನು ಬೈದುಕೊಳ್ಳುವುದು ಬೇಡ.

ಇನ್ನು ನಿನ್ನೆಯದು. ಜೋರು ಮಳೆ. ಕೆಳಗಿನ ಖೋಲಿಯ ಶಿವಕುಮಾರಿ ಒಂದು ಪಾರ್ಸೆಲ್ ಹಿಡಿದು ಮೇಲೆ ಬಂದಳು. "ಯಾರೋ ಕೊಟ್ಟು ಹೋದ್ರು ಮಾರಾಯ್ತಿ. ಮೇಲೆ ಹೋಗಿ ಅಂದ್ರೆ ಬೇಡ ಅಂದ್ರು. ಹೆಸರು ಕೇಳಿದ್ರೆ ಹೇಳ್ಲಿಲ್ಲ. ನಿಮ್ಮದೇ ಮೂಗು, ಮತ್ತೆ ಹೆಸರು ಯಾಕೆ?" ಎಂದಳು.

ಪೇಪರು, ಬಿಳಿ ನೂಲು, ಮೇಲೆ ಬೆರಳು ತೂರುವ ಕುಣಿಕೆ.

ನೀನು ಕೆಳಗಿದ್ದೆ. ಮೇಲೆ ನಡೆದದ್ದನ್ನು ಯಾರಾದರೂ ನಿನಗೆ ಹೇಳಬೇಕಲ್ಲ. ಅವನ ಎದೆಯ ಮೇಲೆ ಇಟ್ಟೆ. ಕುಣಿಕೆಯೊಳಗೆ ಎಡಗೈಯ ಬೆರಳು ಹಾಕಿ ಸುಮ್ಮನೆ ಮಲಗಿದ. ನಾನು ಬಿಚ್ಚಲು ಹೋದರೆ ಕೈ ತಳ್ಳಿದ. ಆಮೇಲೆ ತುದಿ ಹುಡುಕಿ ತಾನೇ ಎಳೆದ. ಒಂದೇ ಎಳೆತಕ್ಕೆ ಪೂರ್ತಿ ಬಿಚ್ಚಿತು. ನಾಲ್ಕು ತಿಂಗಳಿಂದ ಒಂದು ಕಟ್ಟು ಕಟ್ಟಲಾರದ ಕೈ, ಲಾವಣ್ಯಾ, ಬಿಚ್ಚುವುದನ್ನು ಬಿಚ್ಚಿತು. ಸೊಟ್ಟ ಬಾಯಿಯಲ್ಲಿ ನಕ್ಕ.

ನೀರುದೋಸೆ, ಬೆಲ್ಲ ಹಾಕಿದ ಕಾಯಿಹಾಲು. ಗಂಜಿ ಬಿಟ್ಟು ಏನೂ ಇಳಿಯುವುದಿಲ್ಲ ಎಂದು ನಾನು ಬರೆದದ್ದನ್ನು ನೀನು ನೆನಪಿಟ್ಟಿದ್ದೆ. ನೆನೆಸಿ ಮೆತ್ತಗೆ ಮಾಡಿ ಕೊಟ್ಟೆ. ನುಂಗಿದ. ಮತ್ತೆ ಬಾಯಿ ತೆರೆದ. ದೋಸೆಯೊಂದು ಪೂರ್ತಿ ಮುಗಿಯಿತು. ಹಾಗೆ ಅವನು ಉಂಡದ್ದು ಲಕ್ವಾ ಹೊಡೆದ ಮೇಲೆ ಅದೇ ಮೊದಲು.

ಆಮೇಲೆ ಗ್ಯಾಲರಿಯತ್ತ ಬೆರಳು ತೋರಿಸಿ ಮಂಚ ತಟ್ಟತೊಡಗಿದ. ತಿಲಕನೂ ನಾನೂ ಕುರ್ಚಿಯ ಮೇಲೆ ಕೂರಿಸಿ ಎಳೆದು ಹೊರಗೆ ತಂದೆವು. ತರುವಷ್ಟರಲ್ಲಿ ನೀಲಿ ಕೊಡೆಯೊಂದು ಗಲ್ಲಿಯ ಮೂಲೆಯಲ್ಲಿ ತಿರುಗುತ್ತಿತ್ತು. ಅವನಿಗೆ ಕಂಡದ್ದು ಕೊಡೆ ಮಾತ್ರ. ಕತ್ತಲಾಗುವವರೆಗೆ ಒಳಗೆ ಬರಲು ಒಪ್ಪಲಿಲ್ಲ. ತೋಯ್ದುಬಿಟ್ಟ, ಈ ಹೊತ್ತಿಗೆ ಸ್ವಲ್ಪ ಮೈ ಬಿಸಿ ಇದೆ.

ಮುಂದಿನ ಸಲ ಶಿವಕುಮಾರಿಗೆ ಕೊಡಬೇಡ. ಆ ಮೆಟ್ಟಿಲು ನಿನಗೇನು ಹೊಸದಲ್ಲ.

ನಿನ್ನ ಅತ್ತೆ,
ಶೀಲಾವತಿ


ಜೋಗೇಶ್ವರಿ
೨೬ ಜುಲೈ ೨೦೨೪

ಪ್ರೀತಿಯ ಲಾವಣ್ಯಾ,

ನೀನು ಅನ್ನ ಮುಟ್ಟುತ್ತಿಲ್ಲ ಎಂದು ಅನಿಲಕುಮಾರರು ಹೇಳಿದರು. ಹಾಗೆ ಮಾಡಬೇಡ. ಅಕ್ಷಯ ಕಾಲೇಜಿಗೆ ಸರಿಯಾಗಿ ಹೋಗುತ್ತಿದ್ದಾನಾ? ಹಾಲವ್ವನವರಿಗೆ ನನ್ನ ನಮಸ್ಕಾರ ಹೇಳು. ಅವರು ಆ ದಿನ ನನ್ನ ಪಕ್ಕದಲ್ಲಿ ಕೂತು, ಬೆನ್ನಿಗೆ ಕೈ ಹಾಕಿ, "ಅಳ್ರಿ ಅಕ್ಕಾರ, ಇನ್ನ ಯಾಕ ಹಿಡದೀರಿ" ಎಂದದ್ದರಿಂದ ನನಗೆ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಅನಿಲಕುಮಾರರನ್ನು ಯಾರೂ ಕರೆದಿರಲಿಲ್ಲ. ಬೆನ್ನುನೋವಿನ ಮನುಷ್ಯ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು. ನಮ್ಮ ಮೆಟ್ಟಿಲು ಎಷ್ಟು ಇಕ್ಕಟ್ಟು! ಕೆಳಗಿನ ತಿರುವಿನಲ್ಲಿ ಭಾರವೆಲ್ಲ ಅವರ ಮೇಲೆಯೇ ಬಿತ್ತು. ದೂಜ ಹಿಂದೆ ನಿಂತು "ಸೆಂಟ್ರಿಂಗಿನವನು, ಅಭ್ಯಾಸ ಉಂಟು" ಎಂದ. ಆಮೇಲೆ ತಾನೇ ಹೋಗಿ ಅವರ ಇನ್ನೊಂದು ಪಕ್ಕಕ್ಕೆ ಹೆಗಲು ಕೊಟ್ಟ.

ನೀನು ರಿಕ್ಷಾದಲ್ಲಿ ಕೂತಿದ್ದೆ. ನಾನು ಗ್ಯಾಲರಿಯಿಂದ ನೋಡಿದೆ. ಚಟ್ಟ ಗಲ್ಲಿಗೆ ಇಳಿದಾಗ ನೀನು ಇಳಿದೆ. ಮೂಲೆಯವರೆಗೆ ಹಿಂದೆ ನಡೆದೆ. ಕೊಡೆ ಬಿಡಿಸಲಿಲ್ಲ. ನಿನ್ನ ಕೂದಲು ನಿಜಕ್ಕೂ ನರೆತಿದೆ, ಮಗಾ.

ಸತ್ತಳು ಎಂದವನು ವರ್ಷ ವರ್ಷವೂ ನಿನ್ನ ಗೇಟಿಗೆ ಬಂದ. ಬರುವುದಿಲ್ಲ ಎಂದು ಬರೆದವಳು ನೀನು ಎರಡು ಸಲ ಬಂದೆ. ನಿಮ್ಮಿಬ್ಬರ ಮಾತನ್ನು ನಂಬಿ ನಾನು ಇಷ್ಟು ವರ್ಷ ಸುಮ್ಮನೆ ಕೂತೆ. ಆ ಜ್ವರ ಇಳಿಯಲೇ ಇಲ್ಲ. ಗ್ಯಾಲರಿಯಲ್ಲಿ ಕೂರಿಸದೆ ಇದ್ದಿದ್ದರೆ ಎಂದು ತಿಲಕ ಒಂದು ಸಲ ಅಂದ. ಇನ್ನೊಂದು ಸಲ ಅನ್ನಲು ನಾನು ಬಿಡಲಿಲ್ಲ. ಕೊನೆಯ ದಿನ ಬೆರಳಿಗೆ ನೂಲು ಸುತ್ತಿಕೊಂಡಿತ್ತು. ನಿನ್ನ ಪಾರ್ಸೆಲಿನದ್ದು. ಅದನ್ನು ತೆಗೆಯದೆಯೇ ಕಳಿಸಿದೆವು.

ಬೊಜ್ಜದ ಉತ್ತರಕ್ರಿಯೆ ಮುಗಿದು ಮನೆ ಖಾಲಿಯಾಗಿದೆ. ಬರುವ ಭಾನುವಾರದ ಆಚೆಯ ಭಾನುವಾರ ಆಟಿ ಅಮಾವಾಸ್ಯೆ. ಈ ಸಲ ಅವನ ಎಲೆ ಒಳಗೆ, ನಿನ್ನ ಅಮ್ಮನ ಎಲೆಯ ಪಕ್ಕದಲ್ಲಿ. ಅದರ ಸಾರಿಗೆ ಖಾರ ಎಷ್ಟು ಎಂದು ನನಗೆ ಗೊತ್ತು, ರುಚಿ ನೋಡಬೇಕಾಗಿಲ್ಲ. ಹೆಸರು ಹಿಡಿದು ಕರೆಯುವವರು ಯಾರು ಎಂದು ಮಾತ್ರ ಗೊತ್ತಾಗುತ್ತಿಲ್ಲ. ತಿಲಕ ಆಗುವುದಿಲ್ಲ ಎನ್ನುತ್ತಾನೆ. ಎತ್ತಿ ಆಡಿಸಿದ ತಮ್ಮನನ್ನು ಸತ್ತವರ ಜೊತೆ ಸೇರಿಸಿ ಕರೆಯಲು ನನ್ನ ನಾಲಿಗೆಯೂ ಏಳುವುದಿಲ್ಲ.

ಹೊಸ್ತಿಲಿನ ಈಚೆ ನಿನ್ನ ಎಲೆ ಇರುತ್ತದೆ. ಅವನು ಹಾಕುತ್ತಿದ್ದ ಜಾಗದಲ್ಲೇ. ಪಾರ್ಲೆಗೆ ಕೊಟ್ಟುಬರುತ್ತೇನೆ ಎಂದು ತಿಲಕ ಕೇಳಿದ, ಬೇಡ ಎಂದೆ. ಈ ಸಲ ಕಟ್ಟುವುದಿಲ್ಲ. ಪಕ್ಕದಲ್ಲಿ ಇನ್ನೂ ಮೂರು ಎಲೆ ಹಾಕಲು ಜಾಗವಿದೆ, ತಿಲಕ ಟ್ರಂಕು ಸರಿಸಿ ನೋಡಿದ.

ನಿನಗೆ ಕಾಯಿಹಾಲು ಹಾಕಿ ಮಾಡುತ್ತೇನೆ. ಇಷ್ಟು ವರ್ಷದಲ್ಲಿ ನಿನ್ನ ನಾಲಿಗೆ ಬದಲಾಗಿದ್ದರೆ ಹೇಳು. ಅನಿಲಕುಮಾರರೂ ಹಾಲವ್ವನವರೂ ಖಾರ ತಿನ್ನುವ ಸೀಮೆಯವರು, ಅವರದ್ದು ಊಹಿಸಬಲ್ಲೆ. ಅಕ್ಷಯನಿಗೆ ಎಷ್ಟು ಖಾರ ಬೇಕು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟನ್ನಾದರೂ ಬೇಗ ಬರೆದು ತಿಳಿಸು.

ಕಾಯುತ್ತಿರುವ,
ಶೀಲಾವತಿ ಅತ್ತೆ